‘ಅನಗತ್ಯ ತಡ ಮಾಡದೆ’ ಅಂದರೆ ಎಷ್ಟು ದಿನ? ಪೀಣ್ಯದ ಒಂದು ಕಾರ್ಖಾನೆಯ ಪ್ರಕರಣ

ಪೀಣ್ಯ ಎರಡನೇ ಹಂತದ ಆ ಅಡ್ಡರಸ್ತೆಗೆ ನಾನು ಮೊದಲ ಸಲ ಹೋದಾಗ ಆಯುಧಪೂಜೆ ಮುಗಿದು ಮೂರು ದಿನವಾಗಿತ್ತು. ಗೇಟಿಗೆ ಕಟ್ಟಿದ್ದ ಬಾಳೆಕಂದು ಬಾಡಿತ್ತು, ಒಡೆದ ಬೂದುಗುಂಬಳದ ಕುಂಕುಮ ರಸ್ತೆಗೆ ಅಂಟಿಕೊಂಡೇ ಇತ್ತು. ಒಳಗೆ ಇನ್ಸ್‌ಪೆಕ್ಷನ್ ರೂಮಿನಲ್ಲಿ ಗ್ರಾನೈಟ್ ಸರ್ಫೇಸ್ ಪ್ಲೇಟಿಗೆ, ಹೈಟ್ ಗೇಜಿಗೆ, ಸಾಲಾಗಿಟ್ಟ ಮೈಕ್ರೋಮೀಟರುಗಳಿಗೆ ಒಂದೊಂದು ಬೊಟ್ಟು. ಒಂದು ಮೈಕ್ರೋಮೀಟರಿನ ಕ್ಯಾಲಿಬ್ರೇಷನ್ (ಸಾಧನದ ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಸ್ಟಿಕ್ಕರಿನ ಮೇಲೇ ಕುಂಕುಮ ಬಿದ್ದು ಮುಂದಿನ ತಾರೀಕು ಕಾಣುತ್ತಿರಲಿಲ್ಲ. ಕ್ವಾಲಿಟಿ ನೋಡಿಕೊಳ್ಳುವ ಮೇಡಂ ಉಗುರಿನಿಂದ ಕೆರೆದು ನೋಡಿ, "ಇನ್ನೂ ಟೈಮಿದೆ ಸಾರ್" ಅಂದು ನಕ್ಕರು.

ಅರವತ್ತು ಜನರ ಕಾರ್ಖಾನೆ. ಎಂಟು ಸಿಎನ್‌ಸಿ ಲೇತ್, ಎರಡು ಮಿಲ್ಲಿಂಗ್ ಸೆಂಟರ್, ಹಿಂದುಗಡೆ ಯಜಮಾನರ ತಂದೆ ಕೊಂಡ ಒಂದು ಹಳೆಯ ಎಚ್‌ಎಂಟಿ ಲೇತ್. ಮಾಡುವುದು ಹೈಡ್ರಾಲಿಕ್ ವಾಲ್ವಿಗೆ ಬೇಕಾದ ಸ್ಪೂಲ್, ಬುಶ್, ಪ್ಲಗ್. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆದ ಐಎಸ್‌ಒ 9001ರ ಸರ್ಟಿಫಿಕೇಟ್ ಬಹಳ ವರ್ಷಗಳಿಂದ ಇದೆ. ಮೂರು ವರ್ಷಕ್ಕೊಮ್ಮೆ ಅದರ ನವೀಕರಣ, ನಡುವೆ ಪ್ರತಿವರ್ಷ ಸರ್ವೇಲೆನ್ಸ್ ಆಡಿಟ್. ಆಡಿಟ್‌ಗೆ ಒಂದು ತಿಂಗಳಿದೆ ಅನ್ನುವಾಗ ಶುರುವಾಗುತ್ತಿದ್ದ ಕೆಲಸಕ್ಕೆ ಅಲ್ಲಿಯವರು ‘ಫೈಲ್ ಹಬ್ಬ’ ಅಂತ ಹೆಸರಿಟ್ಟಿದ್ದರು. ಮೇಡಂ ರಾತ್ರಿ ಒಂಬತ್ತರವರೆಗೆ ಕೂತು, ಬಿಟ್ಟುಹೋದ ಸಹಿ, ಖಾಲಿ ಕಾಲಂ, ಸಿಗದ ಟೆಸ್ಟ್ ಸರ್ಟಿಫಿಕೇಟ್ ಹುಡುಕುತ್ತಿದ್ದರು. ಯಜಮಾನರು ನನ್ನ ಮುಂದೆ ಇಟ್ಟದ್ದು ಒಂದೇ ಪ್ರಶ್ನೆ: "ಈ ಹಬ್ಬಾನ ಕಂಪ್ಯೂಟರ್ರೇ ದಿನಾ ಮಾಡಿಬಿಡೋ ಹಾಗೆ ಆಗಲ್ವಾ?"

ನಾನು ಸಾಫ್ಟ್‌ವೇರಿಗೆ ಬರುವ ಮುಂಚೆ ಹತ್ತು ವರ್ಷ ಇಂಥದೇ ರೂಮುಗಳಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಆಗುತ್ತೆ ಅಂತ ಒಪ್ಪಿಕೊಂಡೆ.

ಯೋಜನೆ ಹೀಗಿತ್ತು. ಕಾರ್ಖಾನೆಯ ವ್ಯವಹಾರವನ್ನು ಎರಡರ್ಥ ಬರದ ಹಾಗೆ, ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಬರೆಯುವುದು. ಇದನ್ನೇ ಔಪಚಾರಿಕ ಮಾದರಿ ಅನ್ನುತ್ತಾರೆ. ಸ್ಟ್ಯಾಂಡರ್ಡಿನ ವಾಕ್ಯಗಳನ್ನೂ ಅದೇ ಶಬ್ದಗಳಲ್ಲಿ ನಿಯಮಗಳಾಗಿ ಬರೆಯುವುದು. ಆಮೇಲೆ ದಿನದಿನದ ದಾಖಲೆ ಆ ನಿಯಮಗಳಿಗೆ ಹೊಂದುತ್ತದೆಯೇ ಎಂದು ಯಂತ್ರ ನೋಡುವುದು. ಇದಕ್ಕೆ ಬೇಕಾದ ಸಲಕರಣೆ ಹೊಸದೇನಲ್ಲ. ಕೆಲಸದ ಹರಿವನ್ನು ಚಿತ್ರದಲ್ಲಿ ಬರೆಯಲು ಬಿಪಿಎಂಎನ್ ಇದೆ, ಅದರ 2.0 ಆವೃತ್ತಿ ಬಂದದ್ದು 2011ರಲ್ಲಿ, 2013ರಲ್ಲಿ ಅದೇ ಐಎಸ್‌ಒ ಸ್ಟ್ಯಾಂಡರ್ಡ್ ಕೂಡ ಆಯಿತು. ವ್ಯವಹಾರದ ಶಬ್ದಕೋಶ ಮತ್ತು ನಿಯಮಗಳನ್ನು ಬರೆಯಲು ಎಸ್‌ಬಿವಿಆರ್ 2008ರಿಂದ ಇದೆ. ‘ಇದಾದ ಮೇಲೆ ಅದು’, ‘ಅದಾಗುವವರೆಗೆ ಇದಿಲ್ಲ’ ಎಂಬ ಕಾಲದ ತರ್ಕವನ್ನು ಅಮೀರ್ ಪ್ನುಯೆಲಿ 1977ರಲ್ಲೇ ಕಂಪ್ಯೂಟರ್ ವಿಜ್ಞಾನಕ್ಕೆ ತಂದುಕೊಟ್ಟಿದ್ದರು.

ಎಸ್‌ಬಿವಿಆರ್ ಪಟ್ಟು ಹಿಡಿಯುವುದು ಒಂದು ಮಾತಿಗೆ: ಮೊದಲು ಶಬ್ದ, ಆಮೇಲೆ ನಿಯಮ. ಹಾಗಾಗಿ ಮೊದಲ ಎರಡು ವಾರ ನಾವು ಒಂದು ಸಾಲು ಕೋಡ್ ಬರೆಯದೆ ಬರೀ ಜಗಳವಾಡಿದೆವು. ‘ಲಾಟ್’ ಅಂದರೇನು? ಯಜಮಾನರ ಲೆಕ್ಕದಲ್ಲಿ ಒಂದು ಪರ್ಚೇಸ್ ಆರ್ಡರಿನ ಮಾಲು. ಶಾಪಿನಲ್ಲಿ ಒಂದು ಹೀಟ್ ನಂಬರಿನ (ಒಂದೇ ಸಲ ಕರಗಿಸಿದ ಲೋಹಕ್ಕೆ ಕೊಡುವ ನಂಬರು) ಬಾರ್‌ನಿಂದ ಬಂದದ್ದು. ಸ್ಟೋರ್ಸಿನಲ್ಲಿ ಒಂದು ಕ್ರೇಟ್. ಪ್ಲೇಟಿಂಗ್‌ಗೆ ಹೊರಗೆ ಹೋಗಿ ಬರುವಾಗ ಎರಡು ಲಾಟ್ ಒಂದೇ ಕ್ರೇಟಿನಲ್ಲಿ ಬೆರೆತು ಬರುವುದೂ ಉಂಟು. ಇಷ್ಟು ವರ್ಷ ಮೂರು ಅರ್ಥವೂ ಒಟ್ಟಿಗೆ ಬಾಳಿಕೊಂಡು ಬಂದಿದ್ದವು, ಯಾಕೆಂದರೆ ಮನುಷ್ಯರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕೊನೆಗೆ ಹೀಟ್ ನಂಬರೇ ಗೆದ್ದಿತು. ಸ್ಟೋರ್ಸಿನವರಿಗೆ ಇವತ್ತಿಗೂ ಅದು ಒಪ್ಪಿಗೆಯಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು. ಕೆಲಸದ ಹಂತಗಳನ್ನು ಕ್ರಮವಾಗಿ ಬರೆದಿಟ್ಟ ರೂಟ್ ಕಾರ್ಡ್ ಮುಂದಿಟ್ಟುಕೊಂಡು ಇಡೀ ಹರಿವನ್ನು ಬಿಪಿಎಂಎನ್‌ನಲ್ಲಿ ಅಂದವಾಗಿ ಬರೆದೆ. ಬಾರ್ ಬರುತ್ತದೆ, ಕಟ್ಟಿಂಗ್, ಟರ್ನಿಂಗ್, ಗ್ರೈಂಡಿಂಗ್, ಪ್ಲೇಟಿಂಗ್, ಫೈನಲ್ ಇನ್ಸ್‌ಪೆಕ್ಷನ್, ಡಿಸ್ಪ್ಯಾಚ್. ಹಳೆಯ ಆರು ತಿಂಗಳ ಜಾಬ್ ಕಾರ್ಡುಗಳನ್ನು ಎಕ್ಸೆಲ್ಲಿಗೆ ಇಳಿಸಿ, ಆ ಚಿತ್ರದ ಮೇಲೆ ಒಂದೊಂದಾಗಿ ಓಡಿಸಿದೆ. ಅರ್ಧಕ್ಕರ್ಧ ಕೆಂಪು, ಅಂದರೆ ಚಿತ್ರಕ್ಕೆ ಹೊಂದಲಿಲ್ಲ! ಕಾರಣ ಹುಡುಕಿದರೆ ರೀವರ್ಕ್. ಗ್ರೈಂಡಿಂಗ್‌ನಲ್ಲಿ ಸೈಜ್ ಹೆಚ್ಚಿದ್ದ ಪೀಸು ವಾಪಸ್ ಗ್ರೈಂಡಿಂಗ್‌ಗೇ ಹೋಗಿ ಬಂದಿದೆ, ನನ್ನ ಚಿತ್ರದಲ್ಲಿ ಅಂಥ ಬಾಣವೇ ಇಲ್ಲ. ಸ್ಟ್ಯಾಂಡರ್ಡು ರೀವರ್ಕನ್ನು ಎಲ್ಲಿಯೂ ಬೇಡ ಅಂದಿಲ್ಲ. ಸರಿಪಡಿಸಿದ ಮಾಲನ್ನು ಮತ್ತೆ ಪರೀಕ್ಷಿಸಿ ಅಂತ ಮಾತ್ರ ಅದರ ಕ್ಲಾಸ್ (ಕಲಮು) 8.7 ಹೇಳುತ್ತದೆ. ಚಿತ್ರದ ಸ್ವಭಾವ ಹೇಗೆಂದರೆ, ಬರೆಯದೇ ಇರುವುದೆಲ್ಲ ಅಪರಾಧ. ಸ್ಟ್ಯಾಂಡರ್ಡಿನ ಸ್ವಭಾವ ಅದರ ಉಲ್ಟಾ: ಬೇಡ ಅನ್ನದೇ ಇರುವುದೆಲ್ಲಕ್ಕೂ ಅನುಮತಿ. ಇದು ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು. ಗ್ರೈಂಡಿಂಗ್ ಅಣ್ಣನಿಗೆ ಒಂದೇ ನಿಮಿಷ ಸಾಕಾಯಿತು: "ಸಾರ್, ನೀವ್ ಬರ್ದಿರೋದು ಒಳ್ಳೇ ದಿನದ ಕಥೆ."

ಚಿತ್ರವನ್ನು ಹೊಸಬರಿಗೆ ತರಬೇತಿ ಕೊಡಲು ಗೋಡೆಗೆ ಅಂಟಿಸಿ, ತಪಾಸಣೆಗೆ ಬಿಡಿ ನಿಯಮಗಳ ದಾರಿ ಹಿಡಿದೆವು. ಹೆಚ್ಚಿನ ನಿಯಮಗಳು ಎರಡೇ ಅಚ್ಚಿನಲ್ಲಿ ಕೂರುತ್ತವೆ. ಒಂದು, ಪೂರ್ವಶರತ್ತು: ಡಿಸ್ಪ್ಯಾಚ್ ಆಗಬೇಕಾದರೆ ಅದಕ್ಕೂ ಮೊದಲು ಫೈನಲ್ ಇನ್ಸ್‌ಪೆಕ್ಷನ್ ಓಕೆ ಆಗಿರಬೇಕು. ಇನ್ನೊಂದು, ಪ್ರತಿಕ್ರಿಯೆ: ರೀವರ್ಕ್ ಆದರೆ ಆಮೇಲೆ ಮರುಪರೀಕ್ಷೆ ಆಗಲೇಬೇಕು. ಇಷ್ಟನ್ನು ಪೈಥಾನಿನಲ್ಲಿ ಬರೆದು ರಾತ್ರಿ ಹನ್ನೊಂದಕ್ಕೆ ಓಡುವ ಹಾಗೆ ಇಟ್ಟೆವು.

ಮೊದಲ ಓಟದಲ್ಲಿ ಕ್ಲಾಸ್ 8.6ಕ್ಕೆ ಮೂವತ್ತೊಂದು ಕೆಂಪು. ಆ ಕ್ಲಾಸ್ ಹೇಳುವುದಿಷ್ಟು: ಯೋಜಿಸಿದ ಪರೀಕ್ಷೆಗಳು ಮುಗಿಯುವವರೆಗೆ ಮಾಲು ಗ್ರಾಹಕರಿಗೆ ಹೋಗಬಾರದು, ಸಂಬಂಧಪಟ್ಟ ಅಧಿಕಾರಿಯ, ಅನ್ವಯಿಸುವ ಕಡೆ ಗ್ರಾಹಕರ ಒಪ್ಪಿಗೆ ಇದ್ದರೆ ಆ ಮಾತು ಬೇರೆ. ಯಜಮಾನರು ಪ್ರಿಂಟ್‌ಔಟ್ ಹಿಡಿದು ಬಂದರು. "ಏನ್ ಸಾರ್ ಇದು, ನಿಮ್ಮ ಕಂಪ್ಯೂಟರ್ ನಮ್ಮನ್ನ ಕಳ್ಳರು ಅಂತಿದ್ಯಲ್ಲ?"

ಒಂದೊಂದನ್ನೂ ಕೂತು ನೋಡಿದೆವು. ಇಪ್ಪತ್ತೆಂಟರ ಕಥೆ ಒಂದೇ. ಸಂಜೆ ಐದಕ್ಕೆ ಟೆಂಪೋ ಬರುತ್ತದೆ, ಡೆಲಿವರಿ ಚಲನ್ ಹರಿಯುತ್ತಾರೆ, ಮಾಲು ಹೋಗುತ್ತದೆ. ಪರೀಕ್ಷೆ ಮಧ್ಯಾಹ್ನವೇ ಮುಗಿದಿರುತ್ತದೆ, ಅಳತೆಗಳು ಒಂದು ಚೀಟಿಯಲ್ಲಿರುತ್ತವೆ, ಅದು ಸಿಸ್ಟಮ್ಮಿಗೆ ಏರುವುದು ಮರುದಿನ ಬೆಳಿಗ್ಗೆ. ಯಂತ್ರದ ಕಣ್ಣಿಗೆ ಮಾಲು ಮೊದಲು, ಪರೀಕ್ಷೆ ಆಮೇಲೆ. ಹುಡುಗನೊಬ್ಬ, "ಒಂದು ದಿನ ಗ್ರೇಸ್ ಕೊಟ್ಬಿಡಿ ಸಾರ್, ಎಲ್ಲಾ ಹಸಿರಾಗುತ್ತೆ" ಅಂದ. ಕೊಡಬಹುದಿತ್ತು. ಕೊಟ್ಟಿದ್ದರೆ, ನಿಜಕ್ಕೂ ಪರೀಕ್ಷೆಯಿಲ್ಲದೆ ಹೋಗಿ ಮರುದಿನ ಲೆಕ್ಕ ಹೊಂದಿಸಿದ ಮಾಲೂ ಹಸಿರಾಗುತ್ತಿತ್ತು. ಸರ್ಫೇಸ್ ಪ್ಲೇಟಿನ ಪಕ್ಕ ಒಂದು ಟ್ಯಾಬ್ ಇಟ್ಟೆವು, ಚೀಟಿ ನಿಂತಿತು.

ಉಳಿದ ಮೂರು ಬೇರೆ ಥರ. ಅಳತೆ ಡ್ರಾಯಿಂಗಿನ ಟಾಲರೆನ್ಸಿನಿಂದ, ಅಂದರೆ ಅಳತೆ ಹೆಚ್ಚುಕಮ್ಮಿಯಾಗಲು ಕೊಟ್ಟ ಮಿತಿಯಿಂದ, ಸ್ವಲ್ಪ ಆಚೆ, ಆದರೂ ಮಾಲು ಹೋಗಿದೆ. ಯಾಕೆ? "ಅವರೇ ಕಳಿಸಿ ಅಂದ್ರು." ಎಲ್ಲಿ ಅಂದರು? ಯಜಮಾನರ ಫೋನಿನ ವಾಟ್ಸಾಪ್‌ನಲ್ಲಿ, ಗ್ರಾಹಕರ ಪರ್ಚೇಸ್‌ನವರು ಹಾಕಿದ ಒಂದು ಹೆಬ್ಬೆರಳು. 8.6ರ ಎರಡನೇ ಅರ್ಧ, ಆ ‘ಒಪ್ಪಿಗೆ ಇದ್ದರೆ’ ಅನ್ನುವ ಭಾಗ, ಇಡೀ ಕಾರ್ಖಾನೆಯಲ್ಲಿ ಇದ್ದದ್ದು ಆ ಫೋನಿನಲ್ಲಿ ಮಾತ್ರ. ನನ್ನ ಮಾದರಿಯಲ್ಲೂ ಅದಕ್ಕೆ ಜಾಗವಿರಲಿಲ್ಲ. ನಾನು ಮೊದಲರ್ಧವನ್ನಷ್ಟೇ ನಿಯಮ ಮಾಡಿದ್ದೆ. ‘ಡೀವಿಯೇಷನ್ ಒಪ್ಪಿಗೆ’ ಅಂತ ಹೊಸ ವಸ್ತು ಸೇರಿಸಿದೆವು: ಯಾವ ಲಾಟ್, ಯಾವ ಅಳತೆ, ಎಷ್ಟು ಪೀಸು, ಒಪ್ಪಿದವರು ಯಾರು, ಅವರಿಗೆ ಒಪ್ಪುವ ಅಧಿಕಾರ ಇದೆಯೇ. ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಯಜಮಾನರು ಗ್ರಾಹಕರಿಗೆ ಮೇಲ್ ಬರೆದರು. ಬಂದ ಉತ್ತರ ಚುಟುಕಾಗಿತ್ತು: ಪರ್ಚೇಸ್‌ನವರ ಮಾತು ನಡೆಯದು, ಕ್ವಾಲಿಟಿ ವಿಭಾಗದವರ ಸಹಿ ಬೇಕು. ಹೆಬ್ಬೆರಳಿನ ಮೇಲೆ ಹೋದ ಮೂರು ಲಾಟ್‌ಗೂ ಯಾರೂ ಒಪ್ಪಿರಲೇ ಇಲ್ಲ ಅಂದಂತಾಯಿತು.

ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸ್ಟ್ಯಾಂಡರ್ಡಿನೊಳಗಿನ ಖಾಲಿ ಜಾಗಗಳು. ಅಳತೆಯ ಸಾಧನಗಳನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಬೇಕು ಅಂತ ಐಎಸ್‌ಒದಲ್ಲಿದೆ ಎಂದು ಪೀಣ್ಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಲ್ಲ. ಕ್ಲಾಸ್ 7.1.5.2 ಹೇಳುವುದು ‘ನಿಗದಿತ ಅವಧಿಗೊಮ್ಮೆ ಅಥವಾ ಬಳಸುವ ಮೊದಲು’ ಅಂತ. ನಿಗದಿ ಮಾಡುವವರು ನೀವು. ರಂಧ್ರದ ಅಳತೆ ನೋಡಲು ದಿನಕ್ಕೆ ನೂರಾರು ಸಲ ತೂರುವ ಪ್ಲಗ್ ಗೇಜಿಗೂ, ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ಆಚೆ ಬರುವ ಸ್ಲಿಪ್ ಗೇಜಿಗೂ ಒಂದೇ ವರ್ಷ ಯಾಕೆ ಅಂತ ಮೇಡಂ ಮುಂದೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲಿಂದ ಹಾಗೇ ಇದೆ" ಅಂದರು. ಅದೇ ವಾರ ಪ್ಲಗ್ ಗೇಜುಗಳ ಅವಧಿ ಮೂರು ತಿಂಗಳಿಗೆ ಇಳಿಯಿತು.

ಆಂತರಿಕ ಆಡಿಟ್ ಬಗ್ಗೆ ಹೇಳುವ 9.2ರಲ್ಲಿ ಸಿಕ್ಕ ತಪ್ಪನ್ನು ‘ಅನಗತ್ಯ ತಡ ಮಾಡದೆ’ ಸರಿಪಡಿಸಿ ಎಂದಿದೆ. ಇದನ್ನು ಪ್ರತಿಕ್ರಿಯೆಯ ಅಚ್ಚಿನಲ್ಲಿ ಹಾಕಿದೆ: ಎನ್‌ಸಿ (ನಾನ್‌ಕನ್ಫಾರ್ಮಿಟಿ, ಸ್ಟ್ಯಾಂಡರ್ಡಿಗೆ ಹೊಂದದ ತಪ್ಪು) ಬಂದರೆ ಆಮೇಲೆ ಅದು ಮುಗಿಯಲೇಬೇಕು. ಓಡಿಸಿದರೆ ಒಂದೂ ಕೆಂಪಿಲ್ಲ. ಹದಿನಾಲ್ಕು ತಿಂಗಳ ಹಿಂದಿನ ಎನ್‌ಸಿಯೊಂದು ತೆರೆದೇ ಕೂತಿತ್ತು, ಅದಕ್ಕೂ ಕೆಂಪಿಲ್ಲ. ತರ್ಕ ತಪ್ಪಿರಲಿಲ್ಲ. ‘ಎಂದಾದರೂ ಆಗಬೇಕು’ ಎಂಬ ಮಾತು ಕತೆ ಮುಗಿಯುವವರೆಗೆ ಸುಳ್ಳಾಗುವುದಿಲ್ಲ, ನಾಳೆ ಆಗಬಹುದಲ್ಲ. ನಾಳೆ ಬಾ ಅಂತ ಬಾಗಿಲ ಮೇಲೆ ಬರೆದು ದೆವ್ವವನ್ನು ದಿನಾ ವಾಪಸ್ ಕಳಿಸುತ್ತಿದ್ದರಲ್ಲ, ನಮ್ಮ ಎನ್‌ಸಿಗಳೂ ಹಾಗೇ ದಿನಾ ವಾಪಸ್ ಹೋಗುತ್ತಿದ್ದವು.

ಗಡುವು ಬೇಕು. ಯಾರು ಕೊಡಬೇಕು? ನಾನು ಮೂವತ್ತು ದಿನ ಅಂತ ಬರೆದುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಹಾಗೆ ಸಾಫ್ಟ್‌ವೇರಿನವನು ತುಂಬಿದ ಖಾಲಿ ಜಾಗ ಮುಂದೆ ಆಡಿಟರ್ ಎದುರು ಕಂಪನಿಯ ನೀತಿಯಾಗಿ ನಿಂತುಕೊಳ್ಳುತ್ತದೆ. ಎರಡು ಸಂಜೆ ಎಲ್ಲರನ್ನೂ ಕೂರಿಸಿದೆವು, ಮಂಡಕ್ಕಿ-ಬೋಂಡದ ಜೊತೆ. ಉತ್ಪಾದನೆಯವರು ಅರವತ್ತು ದಿನ ಅಂದರು, ಮೇಡಂ ಹದಿನೈದು. ಒಪ್ಪಂದವಾಗದೆ ಕೊನೆಗೆ ಒಂದು ಕೋಷ್ಟಕವಾಯಿತು: ಮಾಲು ಗ್ರಾಹಕರನ್ನು ತಲುಪಿರುವ ತಪ್ಪಿಗೆ ಏಳು ದಿನ, ಒಳಗೇ ಸಿಕ್ಕ ತಪ್ಪಿಗೆ ಮೂವತ್ತು, ಹೊರಗಿನ ಸಬ್‌ಕಾಂಟ್ರಾಕ್ಟರ್ ಸರಿಪಡಿಸಬೇಕಾದದ್ದಕ್ಕೆ ನಲವತ್ತೈದು. ಯಜಮಾನರು ಅದರ ಕೆಳಗೆ ಸಹಿ ಹಾಕಿ, "ಇಷ್ಟು ವರ್ಷದಲ್ಲಿ ಇದನ್ನ ಯಾರೂ ನನ್ನ ಕೇಳಿರಲಿಲ್ಲ" ಅಂದರು.

ಹೀಗೆ ತುಂಬಲಾಗದ ಕ್ಲಾಸುಗಳೂ ಇವೆ, ಅವನ್ನು ಯಂತ್ರದಿಂದ ಆಚೆ ಇಟ್ಟೆವು. 2024ರ ತಿದ್ದುಪಡಿ ಬಂದ ಮೇಲೆ ಹವಾಮಾನ ಬದಲಾವಣೆ ತಮಗೆ ಸಂಬಂಧಪಟ್ಟ ವಿಷಯವೇ ಎಂದು ಪ್ರತಿ ಸಂಸ್ಥೆಯೂ ನಿರ್ಧರಿಸಬೇಕು. ಯೋಚಿಸಿದ್ದಾರೋ ಇಲ್ಲವೋ ಯಂತ್ರಕ್ಕೇನು ಗೊತ್ತು, ಕಾಗದ ಇದೆಯೋ ಇಲ್ಲವೋ ಅಷ್ಟೇ ಗೊತ್ತು. ಅಂಥ ಕಡೆ ಹಸಿರು ದೀಪ ಹಾಕುವುದು ಅಪ್ರಾಮಾಣಿಕ ಅಂತ ನನಗೆ ಅನಿಸಿತು.

ಡಿಸೆಂಬರಿನ ಹೊತ್ತಿಗೆ ಪರದೆ ಹಸಿರಾಗಿತ್ತು. ಆಡಿಟ್ ದಿನ ಯಾರ ಮುಖದಲ್ಲೂ ಫೈಲ್ ಹಬ್ಬದ ಸುಸ್ತಿರಲಿಲ್ಲ. ಆಡಿಟರ್ ಹಿರಿಯರು, ಪರದೆಯನ್ನು ಆಸಕ್ತಿಯಿಂದಲೇ ನೋಡಿದರು. ಆಮೇಲೆ ಹಾಜರಿ ಪುಸ್ತಕ ತರಿಸಿದರು. ಒಂದು ಶನಿವಾರದ ಮೇಲೆ ಬೆರಳಿಟ್ಟು, "ಮೇಡಂ ಅವತ್ತು ರಜ ಇದ್ದಾರೆ. ಅವತ್ತು ಎರಡು ಲಾಟ್ ಅವರ ಹೆಸರಲ್ಲೇ ರಿಲೀಸ್ ಆಗಿದೆ. ಹೇಗೆ?"

ಮೇಡಂ ಲಾಗಿನ್ ಮೂರು ಜನಕ್ಕೆ ಗೊತ್ತಿತ್ತು. ಪಾಸ್‌ವರ್ಡ್ ಟ್ಯಾಬಿನ ಹಿಂದೆಯೇ ಚೀಟಿಯಲ್ಲಿ ಅಂಟಿಸಿತ್ತು, ನಾನೂ ಅದನ್ನು ಹತ್ತಾರು ಸಲ ನೋಡಿದ್ದೆ. ರಿಲೀಸ್ ಮಾಡಿದ ವ್ಯಕ್ತಿ ಯಾರೆಂದು ದಾಖಲೆಯಿಂದ ತಿಳಿಯುವಂತಿರಬೇಕು ಅಂತ 8.6ರಲ್ಲೇ ಇದೆ. ನನ್ನ ನಿಯಮ ‘ರಿಲೀಸ್ ಮಾಡಿದವರು’ ಎಂಬ ಕಾಲಂ ಖಾಲಿಯಿಲ್ಲ ಅನ್ನುವುದನ್ನು ಮಾತ್ರ ನೋಡುತ್ತಿತ್ತು. ಖಾಲಿ ಇರಲಿಲ್ಲ, ಹಸಿರು ಹಾಕಿತು. ಒಂದು ಮೈನರ್ ಎನ್‌ಸಿ ಬಂತು. ಅದು ಕಾರ್ಖಾನೆಯ ಹೆಸರಿಗೆ ಬಂದರೂ ಅದರ ಅರ್ಧ ನನಗೆ ಸೇರಬೇಕಾದದ್ದು.

ಹಾಜರಿಯನ್ನು ಮಾದರಿಯೊಳಗೆ ತಂದೆವು. ಬಂದಿಲ್ಲದವರು ರಿಲೀಸ್ ಮಾಡುವಂತಿಲ್ಲ. ಇದು ಸ್ಟ್ಯಾಂಡರ್ಡಿನಲ್ಲಿರುವ ವಾಕ್ಯವಲ್ಲ, ಆ ಹಿರಿಯರ ಬೆರಳು ಕಲಿಸಿದ ನಿಯಮ. ಇನ್ನಿಬ್ಬರಿಗೂ ತರಬೇತಿ ಕೊಟ್ಟು ಅವರವರ ಲಾಗಿನ್ ಕೊಟ್ಟೆವು.

ಕೊನೆಯದಾಗಿ ಮೈಕ್ರೋಮೀಟರ್ ವಿಷಯ. ಸಾಧನದ ಅವಧಿ ಮೀರಿದೆಯೇ ಎಂಬ ನಿಯಮವನ್ನು ನಾನು ಇವತ್ತಿನ ತಾರೀಕಿಗೆ ಹೋಲಿಸಿ ಬರೆದಿದ್ದೆ. ಕುಂಕುಮ ಬಿದ್ದ ಆ ಮೈಕ್ರೋಮೀಟರ್ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಹೋಗಿ ಹೊಸ ಸ್ಟಿಕ್ಕರ್ ಅಂಟಿಸಿಕೊಂಡು ಬಂದ ದಿನ, ಅದು ಅವಧಿ ಮೀರಿದ್ದಾಗ ಅಳೆದಿದ್ದ ಒಂಬತ್ತು ದಿನದ ಲಾಟ್‌ಗಳೆಲ್ಲ ತಾವಾಗಿ ಹಸಿರಾದವು. ನೋಡಬೇಕಾದದ್ದು ಅಳೆದ ದಿನ ಸಾಧನ ಸರಿಯಿತ್ತೇ ಎಂದು. ನಿಯಮ ತಿದ್ದುವಾಗ ಅದೇ ಕ್ಲಾಸಿನ ಕೊನೆಯ ಮಾತಿಗೂ ಬಂದೆವು: ಸಾಧನ ಕೆಟ್ಟಿದೆ ಅಂತ ಗೊತ್ತಾದರೆ ಅದರಿಂದ ಹಿಂದೆ ತೆಗೆದ ಅಳತೆಗಳ ಗತಿಯೇನು ಅಂತ ವಿಚಾರಿಸಬೇಕು. ಮುಂಚೆ ಇದಕ್ಕೆ ರಿಜಿಸ್ಟರುಗಳನ್ನು ಎರಡು ದಿನ ತಿರುವಬೇಕಿತ್ತು. ಈಗ ಪ್ರತಿ ಅಳತೆಯ ಜೊತೆ ಸಾಧನದ ನಂಬರೂ ಕೂತಿರುವುದರಿಂದ ಪಟ್ಟಿ ಕೂಡಲೇ ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆಯೆನಿಸಿದ್ದು ಇದೊಂದೇ.

ಅದನ್ನು ತೋರಿಸುವಾಗ ಪಕ್ಕದಲ್ಲಿ ನಿಂತಿದ್ದ ಹಳೆಯ ಇನ್ಸ್‌ಪೆಕ್ಟರ್, ಇಪ್ಪತ್ತು ವರ್ಷದಿಂದ ಅದೇ ಮೇಜಿನ ಮುಂದೆ ಇರುವವರು, ಕೇಳಿದರು: "ಕೈಜಾರಿ ಬಿದ್ರೆ?"

"ಏನು ಬಿದ್ರೆ ಅಣ್ಣ?"

"ಗೇಜು. ಸ್ಟಿಕ್ಕರ್ ಇನ್ನೂ ಆರು ತಿಂಗಳಿರುತ್ತೆ, ಗೇಜು ನೆಲಕ್ಕೆ ಬಿದ್ದಿರುತ್ತೆ. ನಿಮ್ಮ ಕಂಪ್ಯೂಟರ್ರು ಹಸಿರು ಅಂತದಲ್ಲ?"

ಅನ್ನುತ್ತಿತ್ತು. ಬಿದ್ದದ್ದಕ್ಕೆ ಅಲ್ಲಿ ಜಾಗವಿರಲಿಲ್ಲ. ಟ್ಯಾಬಿನಲ್ಲಿ ಒಂದು ಗುಂಡಿ ಇಟ್ಟೆವು, ಮೇಲೆ ಒಂದೇ ಪದ: ‘ಬಿತ್ತು’. ಒತ್ತಿದರೆ ಆ ಸಾಧನ ಪಟ್ಟಿಯಿಂದ ಆಚೆ. ಯಾರು ಒತ್ತಿದರು ಅನ್ನುವುದು ದಾಖಲಾಗುವುದಿಲ್ಲ. ಈ ಕೊನೆಯ ಶರತ್ತು ಆ ಅಣ್ಣನದೇ. ಯಜಮಾನರಿಗೆ ಇಷ್ಟವಿರಲಿಲ್ಲ, ಮೇಡಂ ಒಪ್ಪಿಸಿದರು.

ನಾಲ್ಕು ವಾರ ಯಾರೂ ಒತ್ತಲಿಲ್ಲ. ಅಷ್ಟು ದಿನ ಆ ಕಾರ್ಖಾನೆಯಲ್ಲಿ ಏನೂ ಬೀಳಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಐದನೇ ವಾರದ ಒಂದು ಮಧ್ಯಾಹ್ನ ಪರದೆಯಲ್ಲಿ ಒಂದು ಪ್ಲಗ್ ಗೇಜ್ ಕೆಂಪಾಯಿತು. ಅವತ್ತು ಬೆಳಿಗ್ಗೆಯಿಂದ ಅದರಿಂದ ಪಾಸಾಗಿದ್ದ ಎರಡು ಲಾಟ್ ಪಟ್ಟಿಯಲ್ಲಿ ಬಂದವು, ಒಂದು ಆಗಲೇ ಟೆಂಪೋ ಏರಿತ್ತು. ಇಳಿಸಿದರು. ಬೇರೆ ಗೇಜಿನಲ್ಲಿ ಸಂಜೆ ಏಳರವರೆಗೆ ಕೂತು ಅಳೆದರು, ಎಲ್ಲ ಪೀಸೂ ಸರಿಯಿದ್ದವು. ಮಾಲು ಒಂದು ದಿನ ತಡವಾಗಿ ಹೋಯಿತು, ಯಜಮಾನರು ಮುಖ ಗಂಟಿಕ್ಕಿಕೊಂಡೇ ಚಲನ್‌ಗೆ ಸಹಿ ಹಾಕಿದರು. ಹೊಸದಾಗಿ ಸೇರಿದ ಐಟಿಐ ಹುಡುಗ ಅವತ್ತು ಇಡೀ ಸಂಜೆ ಯಾರ ಮುಖವನ್ನೂ ನೋಡದೆ ಪೀಸು ಒರೆಸಿ ಒರೆಸಿ ಅಣ್ಣನ ಕೈಗೆ ಕೊಡುತ್ತಿದ್ದ. ಅಣ್ಣ ಏನೂ ಕೇಳಲಿಲ್ಲ. ಏಳೂ ಕಾಲಿಗೆ ಇಬ್ಬರೂ ಮೂಲೆಯಂಗಡಿಗೆ ಚಹಾ ಕುಡಿಯಲು ಹೋದರು.